ವರದೆಯ ಮೇಲೆ ಎರಡು ಸೀಟಿನ ದೋಣಿ

ನಲವತ್ತಮೂರನೇ ವಯಸ್ಸಿನಲ್ಲಿ ನಾನು ಹೆಣ್ಣು ನೋಡುವುದಕ್ಕೆಂದು ದೋಣಿ ಹತ್ತಿದೆ. ಹೀಗೆಂದರೆ ಕೇಳಿದವರು ನಗುತ್ತಾರೆ. ನಗಲಿ ಎಂದೇ ಒಂದೆರಡು ಕಡೆ ನಾನೂ ಹಾಗೆ ಹೇಳಿದ್ದುಂಟು. ಅಲ್ಲಿಂದ ಮುಂದಿನದನ್ನು ಮಾತ್ರ ಯಾರಿಗೂ ಹೇಳಿಲ್ಲ, ತಂಗಿಗೂ.

ನಾನಿರುವುದು ಯಲ್ಲಾಪುರದಲ್ಲಿ. ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್. ಡಾಕ್ಟರ್ ಬೇರೆ ಇದ್ದಾರೆ, ಆದರೂ ಹಳ್ಳಿಗಳಲ್ಲಿ ನನ್ನನ್ನೇ ದನದ ಡಾಕ್ಟ್ರು ಅನ್ನುತ್ತಾರೆ. ಹಸು ಕರು ಹಾಕಲು ಕಷ್ಟಪಡುತ್ತಿದೆ, ಎಮ್ಮೆ ಮೇವು ಬಿಟ್ಟಿದೆ ಎಂದು ಫೋನ್ ಬಂದರೆ ಬೈಕ್ ಹತ್ತಿ ಹೊರಡುತ್ತೇನೆ. ಎಲ್ಲ ಮುಗಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಜಗಲಿಯಲ್ಲಿ ಕುಳಿತರೆ ಚಾ ಬರುತ್ತದೆ. ಚಾದ ಬೆನ್ನಿಗೇ "ಎಲ್ಲಾದ್ರೂ ಸಂಬಂಧ ಬಂತನಾ?" ಎಂಬ ಪ್ರಶ್ನೆಯೂ ಬರುತ್ತದೆ. ಹೆಣ್ಣು ಸಿಗದೆ ಹಾಗೇ ಉಳಿದ ನನ್ನಂಥವರು ನಮ್ಮ ಸೀಮೆಯಲ್ಲಿ ಊರಿಗೆ ನಾಲ್ಕಾರು ಜನ ಇದ್ದಾರೆ. ಮೂವತ್ತರ ಆಚೀಚೆ ನಾನೂ ಬಹಳ ಮನೆಗಳಿಗೆ ಹೋಗಿ ಕೇಸರಿಬಾತು ತಿಂದು ಬಂದವನು. ಕೆಲವರು ಜಾತಕ ಕೂಡುವುದಿಲ್ಲ ಅಂದರು, ಕೆಲವರು ಹುಡುಗಿ ಇನ್ನೂ ಓದಬೇಕಂತೆ ಅಂದರು. ಒಂದು ಮನೆಯಲ್ಲಿ, ದನದ ಹೊಟ್ಟೆಯಲ್ಲಿ ಕೈ ಹಾಕುವವನ ಕೈಯಲ್ಲಿ ತಾಳಿ ಕಟ್ಟಿಸಿಕೊಳ್ಳುವುದಾ ಎಂದು ಹುಡುಗಿ ಒಳಗೆ ಹೇಳಿದ್ದು ಹೊರಗೆ ಜಗಲಿಗೆ ಕೇಳಿಸಿತು. ಅಲ್ಲಿಗೆ ನಾನು ಹೋಗುವುದನ್ನು ಬಿಟ್ಟೆ. ಬಾಡಿಗೆಯ ಎರಡು ಕೋಣೆಯ ಮನೆ, ನಾನೇ ಮಾಡಿಕೊಂಡ ಅನ್ನ ಸಾರು, ರವಿವಾರಕ್ಕೊಮ್ಮೆ ಶಿರಸಿಯ ತಂಗಿಯ ಮನೆ. ಅಭ್ಯಾಸವಾಗಿಹೋಗಿತ್ತು.

ಅಂಥ ಒಂದು ರವಿವಾರ ತಂಗಿ ಊಟಕ್ಕೆ ಬಡಿಸುತ್ತ, "ಅಣ್ಣ, ಒಂದು ಮಾತು ಹೇಳ್ತೆ, ಸಿಟ್ಟು ಮಾಡ್ಕಳಡ" ಅಂದಳು.

"ಹೇಳು."

"ಸಿದ್ದಾಪುರದಲ್ಲಿ ಒಬ್ಬರು ಟೀಚರ್ ಇದ್ವು. ತವರುಮನೆ ಮನ್ಮನೆ ಕಡೆ. ಗಂಡ ತೀರ್ಹೋಗಿ ಮೂರು ವರ್ಷ ಆತು. ಮಕ್ಕಳಿಲ್ಲೆ. ಅವರ ಅಕ್ಕ ಎಂಗೆ ಗುರ್ತ. ಮತ್ತೊಂದು ಮದುವೆಗೆ ಮನೆಯವು ಎಲ್ಲ ಒತ್ತಾಯ ಮಾಡ್ತಾ ಇದ್ವಡ. ನಿಂಗೆ ಎಂತ ಅನ್ಸ್ತು?"

"ಎಂಗೆ ಎಂತ ಅನ್ಸೂದು? ಅವಕ್ಕೆ ಅನ್ಸವು" ಅಂದೆ. ನನಗೆ ಅನ್ನಿಸಿ ಏನು, ಅವರಿಗೆ ಅನ್ನಿಸಬೇಕು.

ತಂಗಿ ಅಷ್ಟಕ್ಕೇ ಹಿಗ್ಗಿದಳು. ಫೋನಿನಲ್ಲಿ ಫೋಟೋ ತೋರಿಸಿದಳು. ಶಾಲೆಯ ಅಂಗಳದಲ್ಲಿ ಮಕ್ಕಳ ನಡುವೆ ನಿಂತ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಒಬ್ಬ ಹೆಂಗಸು. ಒಂದು ವಾರದ ಮೇಲೆ ತಂಗಿಯದೇ ಫೋನು ಬಂತು. "ಮನೆಗೆ ಬರೂದು, ಉಪ್ಪಿಟ್ಟು ಕೇಸರಿಬಾತು, ಅದೆಲ್ಲ ಬ್ಯಾಡ್ದಡ. ಬನವಾಸಿಗೆ ಬನ್ನಿ ಹೇಳಿದ್ದು. ಅಲ್ಲಿ ಹೊಳೆಯಲ್ಲಿ ಐದಾರು ವರ್ಷದ ಹಿಂದೆ ಕಯಾಕ್ ಹೇಳಿ ಸಣ್ಣ ದೋಣಿ ಶುರು ಮಾಡಿದ್ವಡ, ಜೊತೆಗೆ ಗೈಡ್ ಇರ್ತ್ನಡ. ಅದರಲ್ಲಿ ಹೋಗ್ತಾ ಮಾತಾಡನ ಹೇಳ್ತು. ಎಂತ ಹೇಳೂದು?"

ಹೆಂಗಸೊಬ್ಬಳು ತಾನಾಗಿ ಒಂದು ಜಾಗ ಹೇಳಿ ಬನ್ನಿ ಎಂದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಹೂಂ ಅಂದೆ.

ಮಳೆಗಾಲ ಮುಗಿದು, ಹೊಳೆಯ ನೀರು ಇನ್ನೂ ಇಳಿಯದ ದಿನಗಳು. ಯಲ್ಲಾಪುರದಿಂದ ಶಿರಸಿಗೆ ಬೈಕಿನಲ್ಲಿ ಬಂದು, ತಂಗಿ ಇಸ್ತ್ರಿ ಮಾಡಿಟ್ಟಿದ್ದ ಹೊಸ ಅಂಗಿ ಹಾಕಿಕೊಂಡು, ಬನವಾಸಿ ಬಸ್ಸು ಹತ್ತಿದೆ. ಶಿರಸಿ ದಾಟಿ ಆ ಕಡೆ ಹೋಗುತ್ತಿದ್ದಂತೆ ಗುಡ್ಡಗಳು ಹಿಂದೆ ಬಿದ್ದು ನೆಲ ಮಟ್ಟವಾಗುತ್ತದೆ. ಭತ್ತ ಕೊಯ್ಲಿಗೆ ಬಂದಿತ್ತು. ರಸ್ತೆಯ ಎರಡೂ ಬದಿಗೆ ಅನಾನಸಿನ ಹೊಲಗಳು. ಕಿಟಕಿಯಿಂದ ಬರುವ ಗಾಳಿಗೆ ಹಣ್ಣಿನ ವಾಸನೆ ಇತ್ತು. ಅಂಗಿಯ ಇಸ್ತ್ರಿ ಕೆಡದಂತೆ ನೆಟ್ಟಗೆ ಕುಳಿತಿದ್ದೆ. ಮೊದಲ ಸಲ ಪರೀಕ್ಷೆ ಬರೆಯಲು ಹೊರಟವನ ಹಾಗೆ.

ಬನವಾಸಿ ಒಂದು ಕಾಲದ ರಾಜಧಾನಿ. ಈಗ ಒಂದು ಪೇಟೆ, ಒಂದು ದೊಡ್ಡ ದೇವಸ್ಥಾನ, ಊರನ್ನು ಬಳಸಿಕೊಂಡು ಹರಿಯುವ ವರದಾ ಹೊಳೆ. ಟೀಚರ್ ದೇವಸ್ಥಾನದ ಎದುರಿನ ಚಾದಂಗಡಿಯಲ್ಲಿ ಕುಳಿತಿದ್ದರು. ಬೂದು ಬಣ್ಣದ ಚೂಡಿದಾರ, ಬಿಗಿಯಾಗಿ ಕಟ್ಟಿದ ಕೂದಲು, ಹಣೆಗೆ ಸಾಸಿವೆಯಷ್ಟು ಚಿಕ್ಕ ಬೊಟ್ಟು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ನಾನು ಎದುರು ಹೋಗಿ ನಿಂತಾಗ ಎದ್ದು ನಿಂತರು. ಇಬ್ಬರೂ ನಮಸ್ಕಾರ ಮಾಡಿದೆವು. ಆಮೇಲೆ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

"ಬಸ್ಸಿನಲ್ಲಿ ಜಾಗ ಸಿಕ್ಕಿತ್ತಾ?" ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದರು.

"ಸಿಕ್ಕಿತ್ತು" ಅಂದೆ. "ನಿಮಗೆ?"

"ನನಗೂ ಸಿಕ್ಕಿತ್ತು."

ಇಬ್ಬರ ಮನೆಯ ಮಾತೂ ಒಂದೇ, ಆದರೂ ಹೊರಗಿನವರ ಹಾಗೆ ನಾವು ನೀವು ಎಂದು ಮಾತಾಡಿಕೊಂಡು ಹೊಳೆಯ ಕಡೆ ನಡೆದೆವು.

ದಡದಲ್ಲಿ ಹಳದಿ, ಕೆಂಪು ಬಣ್ಣದ ಪ್ಲಾಸ್ಟಿಕ್ ದೋಣಿಗಳನ್ನು ಮಗುಚಿ ಇಟ್ಟಿದ್ದರು. ಗೈಡ್ ಅದೇ ಊರಿನ ಗಟ್ಟಿ ಆಳು, ಮೀಸೆಯವನು. ದಾಂಡೇಲಿಯಲ್ಲಿ ಕೆಲಸ ಕಲಿತು ಬಂದು ಇಲ್ಲಿ ಸ್ವಂತ ಶುರು ಮಾಡಿದ್ದನಂತೆ. "ಬರ್ರಿ ಸರ, ಬರ್ರಿ ಅಕ್ಕಾರ. ಈಜು ಬರ್ಲಿಲ್ಲಂದ್ರೂ ಚಿಂತಿ ಇಲ್ರಿ, ಜಾಕೆಟ್ ಹಾಕ್ಕೊಂಡ್ರ ಮುಳುಗ್ತೀನಂದ್ರೂ ಮುಳುಗಾಕ ಬರೂದಿಲ್ಲ" ಎನ್ನುತ್ತ ಇಬ್ಬರಿಗೂ ಕಿತ್ತಳೆ ಬಣ್ಣದ ಜಾಕೆಟ್ ತೊಡಿಸಿದ. ಅವರು ಬಕಲ್ ಹಾಕಿ, ಎಳೆದು ನೋಡಿ, ಬಿಚ್ಚಿ ಮತ್ತೆ ಹಾಕಿದರು.

"ನೀರೆಂದರೆ ಹೆದರಿಕೆಯಾ?" ಕೇಳಿದೆ.

"ಸ್ವಲ್ಪ" ಅಂದರು.

ಹುಬ್ಬಳ್ಳಿಯಿಂದ ಬಂದ ಒಂದು ಸಂಸಾರಕ್ಕೆ ಎರಡು ದೋಣಿ, ನಮಗೊಂದು. ಗೈಡ್ ತನ್ನ ಒಂಟಿ ದೋಣಿಯಲ್ಲಿ. ಹೊರಡುವ ಮುಂಚೆ ಮರಳಿನ ಮೇಲೆ ನಿಲ್ಲಿಸಿ ಪಾಠ ಹೇಳಿದ. "ಮುಂದ ಕುಂತೋರು ತಾಳ ಹಾಕೂದು, ಹಿಂದ ಕುಂತೋರು ದಾರಿ ಹಿಡಿಸೂದು. ಹಿಂದಿನವ್ರು ಮುಂದಿನವ್ರ ಕೈ ನೋಡ್ಕೋತ ಹುಟ್ಟು ಹಾಕ್ಬೇಕ್ರಿ. ಮುಂದಿನವ್ರು ಹಿಂದ ಹೊಳ್ಳಿ ನೋಡಬಾರ್ದು, ದೋಣಿ ವಾಲತೈತಿ. ಗಂಡಾ ಹೆಂಡ್ತಿ ಹತ್ತಿದ್ರ ಅರ್ಧಾ ದಾರೀಗೆ ಜಗಳಾ ಗ್ಯಾರಂಟಿ!" ಹುಬ್ಬಳ್ಳಿಯವರು ನಕ್ಕರು. ಅವನು ನಮ್ಮ ಕಡೆ ತಿರುಗಿ, "ಅಕ್ಕಾರು ಮುಂದ ಕುಂದರ್ಲಿ. ಯಜಮಾನ್ರು ಹಿಂದ" ಅಂದ.

ನಾವು ಗಂಡ ಹೆಂಡತಿಯಲ್ಲ ಎಂದು ಹೇಳಲು ಇಬ್ಬರೂ ಬಾಯಿ ತೆರೆಯಲಿಲ್ಲ. ಹೇಳಿದರೆ ಮತ್ತೇನು ಎಂದು ಬಿಡಿಸಿ ಹೇಳಬೇಕಾಗುತ್ತಿತ್ತು.

ನೀರಿಗಿಳಿದ ಮೇಲೆ ನಮ್ಮ ದೋಣಿ ಮೊದಲು ಇದ್ದಲ್ಲೇ ಸುತ್ತಿತು. ಆಮೇಲೆ ಹೋಗಿ ದಡಕ್ಕೆ ಮೂಗು ತಾಗಿಸಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. "ಎಡ, ಎಡ!" ಎಂದು ಮುಂದೆ ಕುಳಿತ ಟೀಚರ್ ಕೂಗಿದರು. ನಾನು ಎಡಕ್ಕೆ ಹುಟ್ಟು ಹಾಕಿದೆ. ದೋಣಿ ಬಲಕ್ಕೆ ಹೋಯಿತು.

"ಎಡ ಹೇಳಿದ್ನಲಾ!"

"ಎಡಕ್ಕೇ ಹಾಕಿದ್ದು!"

"ಎಡಕ್ಕೆ ಹಾಕಿದ್ರೆ ಬಲಕ್ಕೆ ಹೋಗ್ತು!"

"ಹಂಗಾರೆ ಬಲ ಹೇಳವಾಗಿತ್ತು ನಿಂಗ!"

ಅವರು ನಕ್ಕರು. ಪುಸ್ತಕದ ಕನ್ನಡ ಅಲ್ಲಿಗೆ ಬಿಟ್ಟುಹೋಗಿತ್ತು. ಇಬ್ಬರೂ ಮನೆಯ ಮಾತಿಗೆ ಇಳಿದಿದ್ದೆವು. ಇಳಿದದ್ದು ಇಬ್ಬರಿಗೂ ಗೊತ್ತಾಯಿತು, ಯಾರೂ ವಾಪಸು ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ಕೈ ಕೂಡಿತು. ಅವರ ಭುಜ ಏಳುವುದನ್ನು ನೋಡಿ ನಾನು ಹುಟ್ಟು ಎತ್ತುತ್ತಿದ್ದೆ. ಹೊಳೆ ಹಸಿರು ಬಣ್ಣಕ್ಕೆ ತಿರುಗಿತ್ತು, ಎತ್ತ ಹರಿಯುತ್ತದೆಯೋ ತಿಳಿಯದಷ್ಟು ನಿಧಾನ. ದೇವಸ್ಥಾನದ ಕಲ್ಲಿನ ಮೆಟ್ಟಿಲುಗಳು ಹಿಂದಾದವು. ಪಂಪ್‌ಸೆಟ್ಟಿನ ಪೈಪುಗಳು ನೀರಿಗಿಳಿದ ಕಡೆ ಎಮ್ಮೆಗಳು ಮೂಗಷ್ಟೇ ಹೊರಗಿಟ್ಟು ಮುಳುಗಿದ್ದವು. ಗೈಡ್ ಮುಂದಿನಿಂದ ರಾಜರ ಕತೆ ಹೇಳುತ್ತಿದ್ದ. ನಮಗೆ ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ.

ಎಮ್ಮೆ ನೋಡಿ ಅವರು ನನ್ನ ಕೆಲಸದ ಬಗ್ಗೆ ಕೇಳಿದರು. ಮುಖ ಕಾಣದಿದ್ದರೆ ಮಾತಾಡುವುದು ಸಲೀಸು ಎಂದು ಅವತ್ತು ತಿಳಿಯಿತು. ವಾನಳ್ಳಿ ಬದಿಯ ಒಂದು ಮನೆಯ ಕತೆ ಹೇಳಿದೆ. ಕರು ಅಡ್ಡವಾಗಿ ಸಿಕ್ಕಿಕೊಂಡು, ಬೆಳಗಿನಿಂದ ಮಧ್ಯಾಹ್ನದವರೆಗೆ ಒದ್ದಾಡಿ ಅದನ್ನು ಹೊರಗೆ ತೆಗೆದಿದ್ದೆ. ಆ ಮನೆಯ ಅಜ್ಜಿಗೆ ಎಷ್ಟು ಸಂತೋಷವಾಯಿತೆಂದರೆ ಕರುವಿಗೆ ನನ್ನ ಹೆಸರೇ ಇಟ್ಟರು. ಈಗಲೂ ಆ ಮನೆಯ ಮುಂದೆ ಹೋದರೆ, "ಥೋ, ಮತ್ತೆ ಕೊಟ್ಟಿಗೆಯಲ್ಲಿ ಸಗಣಿ ಮೇಲೇ ಮಲಗಿದ್ಯನಾ!" ಎಂದು ನನ್ನ ಹೆಸರು ಹಿಡಿದು ಬೈಯುವುದು ರಸ್ತೆಗೆ ಕೇಳುತ್ತದೆ.

ಅವರ ನಗುವಿಗೆ ದೋಣಿ ಅಲ್ಲಾಡಿತು. ಹುಟ್ಟು ತೊಡೆಯ ಮೇಲಿಟ್ಟುಕೊಂಡು ನಕ್ಕರು. "ಸಾಕು ಮಾರಾಯ್ರೇ, ಬೀಳ್ತು" ಅಂದರು. ಅವರ ಕಿವಿಯ ಹಿಂದೆ ಒಂದೆಳೆ ಕೂದಲು ಬಿಚ್ಚಿಕೊಂಡು ಒದ್ದೆಯಾಗಿ ಕತ್ತಿಗೆ ಅಂಟಿತ್ತು. ಅದನ್ನು ನೋಡುತ್ತ ನಾನು ಹುಟ್ಟು ಹಾಕುತ್ತಿದ್ದೆ. ನನಗೆ ಎಷ್ಟೋ ವರ್ಷದಿಂದ ಇಲ್ಲದ ಆಸೆಗಳು ಒಂದರ ಹಿಂದೊಂದು ಬರತೊಡಗಿದವು. ಸಣ್ಣ ಸಣ್ಣವು. ಸಂಜೆ ಮನೆಗೆ ಬಂದಾಗ ಒಳಗೆ ದೀಪ ಹತ್ತಿರುವುದು. ಇವತ್ತು ಯಾರ ಮನೆ ದನ ನೋಡಿದೆ ಎಂದು ಹೇಳಲು ಒಬ್ಬರು ಇರುವುದು. ಸಿದ್ದಾಪುರಕ್ಕೇ ವರ್ಗ ಮಾಡಿಸಿಕೊಳ್ಳಬಹುದಲ್ಲ, ಅವರ ಶಾಲೆ ತಪ್ಪಿಸುವುದು ಯಾಕೆ ಎಂದುಕೊಂಡೆ. ಅಷ್ಟು ದೂರ ಹೋಗಿತ್ತು ನನ್ನ ಮನಸ್ಸು.

ಹೊಳೆ ತಿರುಗುವಲ್ಲಿ ಒಂದು ಬಿದಿರುಮೆಳೆ ಮಳೆಗಾಲದಲ್ಲಿ ಬುಡಸಮೇತ ವಾಲಿ ನೀರಿಗೆ ಬಿದ್ದಿತ್ತು. ಗೈಡ್ ಎಚ್ಚರಿಸಿದ್ದ, "ಬಲಕ್ಕ ದೂರ ಹೋಗ್ರಿ" ಎಂದು. ಹುಬ್ಬಳ್ಳಿಯವರು ದಾಟಿದರು. ನಾವು ಸ್ವಲ್ಪ ತಡವಾಗಿ ತಿರುಗಿಸಿದೆವು. ಅಲ್ಲಿ ಮಾತ್ರ ನೀರಿಗೆ ಸೆಳೆತವಿತ್ತು. ದೋಣಿ ಅಡ್ಡಡ್ಡ ಹೋಗಿ ಬಿದಿರಿಗೆ ಒತ್ತಿಕೊಂಡಿತು, ಒಂದು ಬದಿ ಎದ್ದಿತು, ಇನ್ನೊಂದು ಬದಿಯಿಂದ ತಣ್ಣಗೆ ನೀರು ಒಳಗೆ ಬಂತು. ಮುಳ್ಳಿನ ಟೊಂಗೆಯೊಂದು ಅವರ ತಲೆಯ ಮೇಲಕ್ಕೇ ಬಂತು.

ಅವರು ಕೂಗಿದರು. ಒಂದು ಹೆಸರು ಕೂಗಿದರು. ಎರಡೇ ಅಕ್ಷರದ ಹೆಸರು. ನನ್ನದಲ್ಲ.

ಎರಡನೇ ಸಲ ಕೂಗಿದಾಗ ಅದರಲ್ಲಿ ಎಂಥ ಗಾಬರಿ ಇತ್ತೆಂದರೆ ನಾನು "ಓ" ಅಂದೆ. "ಓ, ಇಲ್ಲೇ ಇದ್ದೆ. ಹೆದರಡಿ" ಅಂದೆ.

ಯಾಕೆ ಅಂದೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಬೇರೆ ಉತ್ತರ ಸಿಕ್ಕಿಲ್ಲ. ಹೆದರಿದ ಜೀವ ಕರೆದಾಗ ಓಗೊಡುವುದು ನನ್ನ ಕೈಕಾಲಿನಲ್ಲೇ ಇದೆಯೇನೋ. ಅವರ ಭುಜ ಒಮ್ಮೆಲೇ ಸಡಿಲವಾಯಿತು. ಆ ಸಡಿಲವಾದದ್ದನ್ನು ನಾನು ಹಿಂದಿನಿಂದ ಕಣ್ಣಾರೆ ನೋಡಿದೆ. ಉಸಿರು ಬಿಟ್ಟರು. ಒಂದು ಗಳಿಗೆ, ಹಿಂದೆ ಕುಳಿತವನು ಆ ಹೆಸರಿನವನೇ ಎಂದು ಅವರು ನಂಬಿದ್ದರು. ಆಮೇಲೆ ನಿಧಾನವಾಗಿ ಬೆನ್ನು ಸೆಟೆಯಿತು.

ಗೈಡ್ ಬಂದು ಬಿದಿರನ್ನು ಕಾಲಿನಿಂದ ಒತ್ತಿ ಹಿಡಿದು, ದೋಣಿಯ ಮೂತಿಯನ್ನು ಎಳೆದು ಬಿಡಿಸಿದ. "ಏನೂ ಆಗಿಲ್ರಿ ಅಕ್ಕಾರ, ಅಂಜಬ್ಯಾಡ್ರಿ. ಯಜಮಾನ್ರು ಹಿಂದ ಗಟ್ಟಿ ಅದಾರ" ಎಂದು ಹೇಳಿ ಮುಂದೆ ಹೋದ.

ಅವರು ಹುಟ್ಟು ಎತ್ತಲಿಲ್ಲ. ನಾನೊಬ್ಬನೇ ಹಾಕಿದೆ. ಅಳುತ್ತಿದ್ದಾರೆ ಎಂದು ಜಾಕೆಟ್ಟಿನ ಪಟ್ಟಿ ಅಲುಗುವುದರಿಂದ ತಿಳಿಯಿತು.

ಕೊನೆಗೆ ಮುಂದೆ ನೋಡುತ್ತಲೇ ಕೇಳಿದರು. "ನಿಂಗ ಯಾಕೆ ಓ ಹೇಳಿದ್ದು?"

"ಯಾರಾದ್ರೂ ಹೇಳವಾಗಿತ್ತು" ಅಂದೆ.

ಆಮೇಲೆ ಹೇಳಿದರು. ನಾನು ಕೇಳಿದ ಹಾಗೇ ಇಲ್ಲಿ ಬರೆಯುತ್ತಿದ್ದೇನೆ.

"ಅಂವ ಬನವಾಸಿಗೆ ಹೋಪನ, ಕಯಾಕ್ ಹತ್ತನ ಹೇಳಿ ಎಷ್ಟು ಸಲ ಕರದ. ಎಂಗೆ ನೀರು ಹೇಳಿದ್ರೆ ಹೆದ್ರಿಕೆ. ಮುಂದಿನ ವರ್ಷ ಹೋಪನ ಹೇಳ್ತಾ ಬಂದೆ. ಒಂದು ದಿನ ಬೆಳಗ್ಗೆ ಸ್ನಾನಕ್ಕೆ ಹೋದ. ಎಂತೋ ಬಿದ್ದ ಸದ್ದಾತು. ಆನು ಬಾಗಿಲು ಬಡದೆ. ಹೆಸರು ಕರದೆ. ಬಾಗಿಲು ಒಡದು ತೆಗೆಯೋವರೆಗೂ ಕರೀತಾನೇ ಇದ್ದಿದ್ದೆ. ಅಂವ ಓ ಹೇಳಿದ್ನಿಲ್ಲೆ."

ನಾನು ಹುಟ್ಟು ನಿಲ್ಲಿಸಿದ್ದೆ. ದೋಣಿ ತಾನಾಗಿ ಹೋಗುತ್ತಿತ್ತು.

"ಹೃದಯ ನಿಂತಿತ್ತು ಹೇಳಿದ್ವು ಡಾಕ್ಟ್ರು. ಬಿದ್ದ ಕೂಡ್ಲೇ ಹೋಗಿದ್ನಡ. ಆನು ಕರದ್ದು ಅವಂಗೆ ಕೇಳಿದ್ದೇ ಇಲ್ಲೆ." ಅವರು ಮೂಗು ಒರೆಸಿಕೊಂಡರು. "ಬೇರೆಯವರ ಜೊತೆ ಇಲ್ಲಿಗೆ ಒಂದು ಸಲ ಬಂದ್ಬಿಟ್ರೆ ಇದು ಮುಗೀತು, ಮುಂದಿಂದು ಶುರುವಾಗ್ತು ಹೇಳಿ ಮಾಡಿದ್ದೆ. ನಿಂಗಳ ಇದಕ್ಕೆ ಕರಕಂಡು ಬಂದಿದ್ದು ಸರಿಯಲ್ಲ. ಕ್ಷಮಿಸಿ."

"ಅಡ್ಡಿಲ್ಲೆ" ಅಂದೆ. ನಮ್ಮ ಕಡೆ ಎಲ್ಲದಕ್ಕೂ ಹೇಳುವ ಮಾತು. ಸಾರಿಗೆ ಉಪ್ಪು ಕಡಿಮೆಯಾದರೂ ಅಡ್ಡಿಲ್ಲೆ, ಬಸ್ಸು ತಪ್ಪಿದರೂ ಅಡ್ಡಿಲ್ಲೆ. ಅವತ್ತೂ ಅದನ್ನೇ ಹೇಳಿ ಹುಟ್ಟು ಎತ್ತಿದೆ.

ಮುಂದೆ ಗೈಡ್ ಎಲ್ಲರನ್ನೂ ಒಂದು ಮರಳದಿಬ್ಬದ ಹತ್ತಿರ ನಿಲ್ಲಿಸಿ, ಅನಾನಸು ಹೆಚ್ಚಿ ಉಪ್ಪು ಖಾರ ಹಾಕಿ ಕೊಟ್ಟ. ನಾವು ಪಕ್ಕಪಕ್ಕ ಕುಳಿತು ತಿಂದೆವು. ಅವರ ಕಣ್ಣು ಕೆಂಪಾಗಿತ್ತು. ಹುಬ್ಬಳ್ಳಿಯ ಹೆಂಗಸು ಬಗ್ಗಿ ನೋಡಿ, "ಅಂಜಿಬಿಟ್ರಲ್ರಿ ಪಾಪ. ನೀರಂದ್ರ ನಂಗೂ ಹಂಗ" ಎಂದು ಅವರ ಬೆನ್ನು ಸವರಿ ಹೋದರು. ನನಗೆ ಆ ಬೆನ್ನಿನ ಮೇಲೆ ಕೈಯಿಡುವ ಹಕ್ಕಿರಲಿಲ್ಲ. ಅನಾನಸಿನ ಹೋಳು ಕೈಯಲ್ಲೇ ಉಳಿದು ರಸ ಮೊಣಕೈವರೆಗೆ ಇಳಿಯಿತು.

ವಾಪಸು ಬರುವಾಗ ಹೇಳಬಾರದೆಂದುಕೊಂಡಿದ್ದನ್ನು ಹೇಳಿಬಿಟ್ಟೆ. ಬಿಸಿಲು ಏರಿತ್ತು, ದೇವಸ್ಥಾನದ ಕಡೆಯಿಂದ ಗಂಟೆಯ ಸದ್ದು ಬರುತ್ತಿತ್ತು. ಇನ್ನು ಸ್ವಲ್ಪದರಲ್ಲಿ ದಡ ಬರುತ್ತದೆ, ದಡದಲ್ಲಿ ಮುಖ ನೋಡಿಕೊಂಡು ಈ ಮಾತು ಆಡಲು ನನ್ನಿಂದ ಆಗುವುದಿಲ್ಲ ಎಂದು ಗೊತ್ತಿತ್ತು.

"ಎಂಗೆ ಅರ್ಜೆಂಟ್ ಎಂತದೂ ಇಲ್ಲೆ. ನಿಂಗಕ್ಕೆ ಎಷ್ಟು ಟೈಮ್ ಬೇಕಾದ್ರೂ ತಗಳಿ. ಆನು ಕಾಯ್ತೆ."

ಅವರ ಹುಟ್ಟು ನೀರಿನಲ್ಲಿ ನಿಂತಿತು. "ಕಾಯಡಿ, ಬ್ಯಾಡ" ಅಂದರು.

"ಆ ಹೆಸರು ಕರೆದ್ರೂ ಎಂಗೆ ಬೇಜಾರಿಲ್ಲೆ."

"ಅದೇ ಮತ್ತೆ" ಅಂದರು. ಧ್ವನಿ ಮೆತ್ತಗಿತ್ತು, ಮಕ್ಕಳಿಗೆ ಲೆಕ್ಕ ಹೇಳಿಕೊಡುವವರ ಹಾಗೆ. "ನಿಂಗಳ ಜೊತೆ ಇದ್ರೆ ಆನು ದಿನಾ ಅವನ್ನೇ ಕರೀತೆ. ನಿಂಗ ಒಳ್ಳೆಯವು, ದಿನಾ ಓ ಹೇಳ್ತಿ. ಹಂಗೆ ಇಡೀ ಜನ್ಮ ನಿಂಗಳ ಹತ್ರ ಬೇರೆಯವನ ಹೆಸರಿಗೆ ಓ ಹೇಳಿಸ್ಲಾಗ. ಅದು ಪಾಪ."

ದಿನಾ ಓ ಅನ್ನುತ್ತೇನೆ, ಅಷ್ಟು ಸಿಕ್ಕರೆ ನನಗೆ ಸಾಕು ಎಂದು ಬಾಯಿತುದಿಗೆ ಬಂದಿತ್ತು. ಹೇಳಿದ್ದರೆ ಅವರಿಗೆ ಹೊರೆಯಾಗುತ್ತಿತ್ತು. ಹುಟ್ಟು ಹಾಕಿದೆ. ಅವರೂ ಹಾಕಿದರು. ಆ ಕೊನೆಯ ತಿರುವಿನಲ್ಲಿ ನಮ್ಮ ಕೈ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ, "ನೋಡ್ರಿ, ಇವ್ರ ಜಗಳಾ ಆಡ್ಲೇ ಇಲ್ಲ!" ಎಂದು ಗೈಡ್ ಹುಬ್ಬಳ್ಳಿಯವರಿಗೆ ಕೂಗಿ ಹೇಳಿದ.

ದಡಕ್ಕೆ ಬಂದ ಮೇಲೆ ಅವನು ಎಲ್ಲರ ಫೋಟೋ ತೆಗೆದ. ನಮ್ಮದನ್ನೂ ತೆಗೆದ. "ಹತ್ರ ನಿಂದರ್ರಿ ಸರ" ಅಂದ. ಅವರು ಒಂದು ಹೆಜ್ಜೆ ಈಚೆ ಬಂದು ನಿಂತರು, ನಕ್ಕರು ಕೂಡ. ನಂಬರ್ ಕೊಟ್ಟರೆ ಕಳಿಸುತ್ತೇನೆ ಅಂದ, ಕೊಟ್ಟೆ.

ಅವರ ಬಸ್ಸು ಮೊದಲು ಬಂತು. ಹತ್ತುವ ಮುಂಚೆ, "ಅಂಗಿ ಒದ್ದೆ ಆಯ್ದು, ಗಾಳಿಗೆ ಕೂತ್ಕಳಡಿ, ಶೀತ ಆಗ್ತು" ಅಂದರು. ಅಷ್ಟೇ. ಹೆಂಡತಿ ಹೇಳುವಂಥ ಮಾತನ್ನು ಒಂದೇ ಒಂದು ಸಲ ನಾನು ಕೇಳಿದ್ದು ಅದು.

ಶಿರಸಿಗೆ ನಾನು ಹೋಗಿ ಮುಟ್ಟುವಷ್ಟರಲ್ಲಿ ತಂಗಿ ಬಾಗಿಲಲ್ಲೇ ನಿಂತಿದ್ದಳು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆಯುತ್ತಿದ್ದಾಗ ಮೇಜಿನ ಮೇಲಿಟ್ಟ ಫೋನಿಗೆ ಗೈಡ್ ಕಳಿಸಿದ ಫೋಟೋ ಬಂತು. ಅವಳು ನೋಡಿಬಿಟ್ಟಳು. ಹೊರಗೆ ಬಂದಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಎಷ್ಟು ಚೊಲೋ ಕಾಣ್ತಿ ಅಣ್ಣ, ಇಬ್ರೂ! ಅಯ್ಯೋ, ದೇವ್ರೇ ಕಣ್ಣು ಬಿಟ್ಟ."

ಆ ಹೊತ್ತಿಗೆ ನನಗೆ ಹೊಳೆದದ್ದು ಇಷ್ಟೇ: ಅವರು ಬೇಡ ಅಂದರು ಎಂದರೆ ಸುದ್ದಿ ಅವರ ಅಕ್ಕನಿಗೆ ಹೋಗುತ್ತದೆ. ಅಲ್ಲಿಂದ ಮನ್ಮನೆಗೆ ಹೋಗುತ್ತದೆ. ಒಳ್ಳೆಯ ಸಂಬಂಧ ಕಾಲಲ್ಲಿ ಒದ್ದಳು ಎಂದು ಆ ಹೆಂಗಸನ್ನು ಎಲ್ಲರೂ ಸೇರಿ ಹಿಂಡುತ್ತಾರೆ. ಹೋದವನನ್ನು ನೆನೆಯಲು ಕೂಡ ಬಿಡುವುದಿಲ್ಲ.

"ಎಂಗೇ ಮನಸ್ಸಾಜಿಲ್ಲೆ" ಅಂದೆ, ಬೇಡ ಅಂದವನು ನಾನೇ ಎಂಬ ಹಾಗೆ.

ತಂಗಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ಬಂತು. "ನಿಂಗೆಂತ ರಾಜಕುಮಾರಿ ಬೇಕನಾ ಈ ವಯಸ್ಸಲ್ಲಿ? ವಿಧವೆ ಹೇಳಿ ಬ್ಯಾಡ್ದಾ? ನೀನೂ ಹಿಂಗೆ ಹೇಳಿ ಎಂಗೆ ಗೊತ್ತಿತ್ತಿಲ್ಲೆ" ಎಂದು ಅತ್ತಳು. ನಾನು ತಲೆ ತಗ್ಗಿಸಿ ಕುಳಿತು ಕೇಳಿದೆ. ಎಷ್ಟೋ ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ರವಿವಾರಗಳಂದು ಊಟ ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳು.

ಅದಕ್ಕಿಂತ ಕಷ್ಟವಾದದ್ದು ಯಲ್ಲಾಪುರದ ಸಂಜೆಗಳು. ಮೊದಲು ನನಗೆ ಒಬ್ಬನೇ ಇರುವುದು ಗೊತ್ತಾಗುತ್ತಿರಲಿಲ್ಲ, ಈಗ ಗೊತ್ತಾಗುತ್ತಿತ್ತು. ಬೀಗ ತೆಗೆಯುವಾಗ ಒಳಗಿನ ಕತ್ತಲೆ ಕಾಣತೊಡಗಿತು. ಇವತ್ತು ಒಂದು ಆಕಳು ಅವಳಿ ಕರು ಹಾಕಿತು ಎಂದು ಯಾರಿಗೋ ಹೇಳಲು ಬಾಯಿ ತೆರೆದು, ಪಾತ್ರೆ ತೊಳೆಯುತ್ತ ನಿಂತಿರುತ್ತಿದ್ದೆ. ಅವರ ಗಂಡನ ಹೆಸರು ನಮ್ಮ ಕಡೆ ಬಹಳ ಬಳಕೆಯ ಹೆಸರು. ಒಂದು ದಿನ ಸಂತೆಯಲ್ಲಿ ತರಕಾರಿ ಆರಿಸುತ್ತಿದ್ದಾಗ ಹಿಂದಿನಿಂದ ಹೆಂಗಸೊಬ್ಬಳು ಮಗನನ್ನೋ ಮೈದುನನನ್ನೋ ಆ ಹೆಸರಿನಿಂದ ಕೂಗಿದಳು. ನಾನು ಬದನೆಕಾಯಿ ಕೈಯಲ್ಲಿ ಹಿಡಿದು ತಿರುಗಿ ನೋಡಿದೆ. ಕೂಗಿದವಳು ನನ್ನನ್ನು ದಾಟಿ ಬೇರೆಯವನ ಹತ್ತಿರ ಹೋದಳು.

ಫೋಟೋ ಈಗಲೂ ಫೋನಿನಲ್ಲಿದೆ. ಅವರಿಗೆ ಕಳಿಸಲಿಲ್ಲ. ಅವರ ನಂಬರ್ ಇತ್ತು, ಒಂದು ಸಲವೂ ಫೋನ್ ಮಾಡಲಿಲ್ಲ. ಕಾಯಬೇಡಿ ಅಂದಿದ್ದರಲ್ಲ.

ಮತ್ತೊಮ್ಮೆ ಅವರನ್ನು ನೋಡಿದ್ದು ಮಾರನೇ ವರ್ಷದ ಬೇಸಿಗೆಯಲ್ಲಿ, ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ. ಕಾಲುಬಾಯಿ ಜ್ವರದ ಲಸಿಕೆ ತರಲು ಹೋಗಿದ್ದೆ. ಬೈಕು ಗ್ಯಾರೇಜಿನಲ್ಲಿತ್ತು. ಮಂಜುಗಡ್ಡೆ ತುಂಬಿದ ನೀಲಿ ಡಬ್ಬಿಯನ್ನು ಕಾಲ ಬುಡದಲ್ಲಿ ಇಟ್ಟುಕೊಂಡು ಯಲ್ಲಾಪುರದ ಬಸ್ಸಿಗೆ ನಿಂತಿದ್ದೆ. ಅವರು ಇನ್ನೊಬ್ಬ ಟೀಚರ್ ಜೊತೆ ಎರಡು ದೊಡ್ಡ ಚೀಲ ಹಿಡಿದುಕೊಂಡು ಬಂದರು. ನನ್ನನ್ನು ನೋಡಿ ನಿಂತರು. ಬಡವಾಗಿದ್ದರು. ಆದರೆ ಮುಖದಲ್ಲಿ ಏನೋ ಹಗುರಾಗಿತ್ತು.

"ಆರಾಮಾ?" ಕೇಳಿದರು.

"ಆರಾಮು. ನಿಂಗ?"

"ಎಂಗೆ ಕುಮಟೆಗೆ ವರ್ಗ ಆತು. ಇವತ್ತೇ ಹೋಗ್ತಾ ಇದ್ದೆ." ಜೊತೆಯವರ ಕಡೆ ತಿರುಗಿ, "ಇವು ಎಂಗಕ್ಕೆ ಪರಿಚಯದವು, ಯಲ್ಲಾಪುರದಲ್ಲಿ ಇರ್ತ" ಅಂದರು. ಆ ಟೀಚರ್ ನಮಸ್ಕಾರ ಮಾಡಿ ನೀರಿನ ಬಾಟಲಿ ತರಲು ಅಂಗಡಿಗೆ ಹೋದರು.

ನಾವಿಬ್ಬರೇ ಉಳಿದೆವು. ಅವರು ಚೀಲದ ಹಿಡಿಕೆಯನ್ನು ಸರಿಮಾಡುತ್ತ, "ಮದುವೆ ಬ್ಯಾಡ ಅಂದಿದ್ದು ನಿಂಗ ಹೇಳಿ ಅಕ್ಕ ಹೇಳ್ತು" ಅಂದರು.

"ಹೌದು."

"ಎಂಗೆ ಆವಾಗಲೇ ಗೊತ್ತಾಗಿತ್ತು, ಯಾಕೆ ಹಂಗೆ ಹೇಳಿದ್ದು ಹೇಳಿ. ಮನೆಯಲ್ಲಿ ಯಾರೂ ಎಂಗೆ ಒಂದು ಮಾತು ಹೇಳಿದ್ವಿಲ್ಲೆ. ಅಯ್ಯೋ ಪಾಪ ಹೇಳಿದ್ವು. ಆಮೇಲೆ ಮತ್ತೆ ಯಾರೂ ಕೇಳ್ಲೂ ಇಲ್ಲೆ." ಅವರ ಕಣ್ಣು ತುಂಬಿತು. "ಎಂಗೋಸ್ಕರ ನಿಂಗ ತಂಗಿ ಹತ್ರ ಬೈಸ್ಕಂಡಿ."

"ಅದು ಹಳೇ ಮಾತು. ಈಗ ತಂಗಿ ಮಾತಾಡ್ತು" ಅಂದೆ.

ಕುಮಟೆಯ ಬಸ್ಸು ಬಂದು ನಿಂತಿತು. ಜನ ನುಗ್ಗಿದರು. ನಾನು ಅವರ ಒಂದು ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟೆ. ಅವರು ಜಾಗ ಹಿಡಿದು ಕುಳಿತು ಏನೋ ಹೇಳಿದರು. ಇಂಜಿನ್ನಿನ ಸದ್ದಿಗೆ ಕೇಳಲಿಲ್ಲ. "ಎಂತ?" ಅಂದೆ. ಅವರು ಮತ್ತೆ ಹೇಳುವಷ್ಟರಲ್ಲಿ ಬಸ್ಸು ಹಿಂದಕ್ಕೆ ಸರಿದು ತಿರುಗಿತು. ತುಟಿ ಅಲುಗಿದ್ದು ಕಂಡಿತು. ನನ್ನ ಹೆಸರಿರಬಹುದು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹೋಗಿ ಬರುತ್ತೇನೆ ಎಂದೂ ಇರಬಹುದು.

ಡಬ್ಬಿಯ ಅಡಿಯಿಂದ ನೀರು ಒಸರುತ್ತಿತ್ತು. ಮಂಜುಗಡ್ಡೆ ಕರಗಿದರೆ ಲಸಿಕೆ ಹಾಳಾಗುತ್ತದೆ, ಅಷ್ಟು ದನಗಳು ಕಾಯುತ್ತಿದ್ದವು. ಯಲ್ಲಾಪುರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಟ್ರೋಲರನ್ನು ಕೇಳಲು ನಾನು ಡಬ್ಬಿ ಎತ್ತಿಕೊಂಡು ಆ ಕಡೆ ನಡೆದೆ.